ಕೆಟ್ಟವನೆನಿಸಿಕೊಂಡ ಹುಡುಗನ ಒಳ್ಳೆಯತನ



ಮಕ್ಕಳಿಗೆ ಒಳ್ಳೆಯದನ್ನು ಕಲಿಸಬೇಕೆಂಬ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಮನೆಯಲ್ಲಿ ತಾಯಿತಂದೆಗಳು, ಶಾಲೆಯಲ್ಲಿ ಗುರುಗಳು, ಊರಿನಲ್ಲಿ ಹಿರಿಯರು ಈ ಕಾರ್ಯವನ್ನು ತಮ್ಮ ತಮ್ಮ ಶಕ್ತ್ಯನುಸಾರ ಮಾಡುತ್ತಲೇ ಬಂದಿದ್ದಾರೆ. ಆದರೆ ಒಳ್ಳೆಯದೆಂದು ನಂಬಿ ಕಲಿಸುತ್ತಿರುವುದೇ ಒಂದು ದೊಡ್ಡ ಅನ್ಯಾಯವಾಗಿದ್ದರೆ ಏನು ಗತಿ? ಊರಿನ ಕಾನೂನು, ಊರಿನ ಪ್ರಾರ್ಥನಾಮಂದಿರ, ಊರಿನ ಸಜ್ಜನರು ಎಲ್ಲರೂ ಏಕಕಂಠದಿಂದ ಅಧರ್ಮವನ್ನೇ ಧರ್ಮವೆಂದು ಬೋಧಿಸಿದರೆ, ಆ ಬೋಧನೆಯಲ್ಲಿ ಬೆಳೆದ ಮಗುವಿನ ಅಂತಃಸಾಕ್ಷಿಯು ಯಾವ ಕಡೆ ನಿಂತೀತು?

ಈ ಕಠಿಣವಾದ ಪ್ರಶ್ನೆಯನ್ನು ಎತ್ತಿಕೊಂಡು, ಅದಕ್ಕೆ ಹರಕು ಬಟ್ಟೆಯ ಒಬ್ಬ ಹುಡುಗನ ಬಾಯಿಂದ ಉತ್ತರ ಹೇಳಿಸಿದ ಕಾದಂಬರಿಯೊಂದಿದೆ. ಅದೇ ಅಮೆರಿಕದ ಲೇಖಕ ಮಾರ್ಕ್ ಟ್ವೇನನ ‘ಹಕಲ್‌ಬರಿ ಫಿನ್ನನ ಸಾಹಸಗಳು’. ಇಂಗ್ಲೆಂಡಿನಲ್ಲಿ ೧೮೮೪ರ ಡಿಸೆಂಬರಿನಲ್ಲಿಯೂ ಅಮೆರಿಕದಲ್ಲಿ ೧೮೮೫ರ ಫೆಬ್ರವರಿಯಲ್ಲಿಯೂ ಪ್ರಕಟವಾದ ಈ ಕೃತಿಯನ್ನು ಹುಡುಗರ ಸಾಹಸಕಥೆಯೆಂದು ತಿಳಿದು ಓದಲು ಕುಳಿತವರು, ಅದನ್ನು ಮುಗಿಸುವ ಹೊತ್ತಿಗೆ ತಮ್ಮನ್ನೇ ತಾವು ಪರೀಕ್ಷಿಸಿಕೊಳ್ಳುವಂತಾಗುತ್ತದೆ. ಆ ಪರಿಣಾಮವನ್ನು ಲೇಖಕನು ಹೇಗೆ ಸಾಧಿಸಿದನೆಂಬುದನ್ನು ಈ ಸಲದ ಅಂಕಣದಲ್ಲಿ ಸ್ವಲ್ಪ ವಿಚಾರಿಸೋಣ.

ಮೊದಲು ಲೇಖಕನ ವಿಷಯ. ಮಾರ್ಕ್ ಟ್ವೇನ್ ಎಂಬುದು ಅವನ ಕಾವ್ಯನಾಮ. ನಿಜ ನಾಮಧೇಯ ಸ್ಯಾಮ್ಯುಯೆಲ್ ಲ್ಯಾಂಗ್‌ಹಾರ್ನ್ ಕ್ಲೆಮೆನ್ಸ್. ೧೮೩೫ರ ನವೆಂಬರ್ ೩೦ರಂದು ಮಿಸೂರಿ ಸಂಸ್ಥಾನದ ಫ್ಲಾರಿಡಾ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಮಿಸಿಸಿಪಿ ನದಿಯ ದಡದ ಹ್ಯಾನಿಬಲ್ ಎಂಬ ಊರಿನಲ್ಲಿ ಬೆಳೆದನು. ೧೮೪೭ರಲ್ಲಿ ತಂದೆ ತೀರಿಕೊಂಡ ಬಳಿಕ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ ಕಲಿತು, ಮುಂದೆ ಉಗಿಹಡಗಿನ ಚುಕ್ಕಾಣಿ ಹಿಡಿಯುವ ವಿದ್ಯೆಯನ್ನು ಅಭ್ಯಾಸ ಮಾಡಿ ೧೮೫೯ರಲ್ಲಿ ಪರವಾನಗಿ ಪಡೆದನು. ನದಿಯ ಆಳವನ್ನು ಅಳೆಯುವ ಹಗ್ಗವನ್ನು ಇಳಿಬಿಟ್ಟು, ನೀರು ಎರಡು ಮಾರು ಆಳವಿದೆ, ಹಡಗಿಗೆ ಅಪಾಯವಿಲ್ಲ ಎಂದು ಕೂಗಿ ತಿಳಿಸುವ ನಾವಿಕರ ಮಾತೇ ‘ಮಾರ್ಕ್ ಟ್ವೇನ್’. ಆಳವನ್ನು ಅಳೆಯುವ ಆ ಕೂಗನ್ನೇ ಅವನು ತನ್ನ ಹೆಸರಾಗಿ ಮಾಡಿಕೊಂಡನು.

ಅವನು ಬೆಳೆದ ಮಿಸೂರಿಯು ಗುಲಾಮಗಿರಿಯನ್ನು ಕಾನೂನುಬದ್ಧವಾಗಿ ಇರಿಸಿಕೊಂಡಿದ್ದ ಸಂಸ್ಥಾನ. ಆಫ್ರಿಕಾದಿಂದ ತಂದವರ ಸಂತತಿಯನ್ನು ದನಕರುಗಳಂತೆ ಕೊಳ್ಳುವುದು, ಮಾರುವುದು, ಬಾಡಿಗೆಗೆ ಕೊಡುವುದು ಅಲ್ಲಿ ನಿತ್ಯದ ವ್ಯವಹಾರವಾಗಿತ್ತು. ಕ್ಲೆಮೆನ್ಸ್ ಕುಟುಂಬವೂ ಇದಕ್ಕೆ ಹೊರತಾಗಿರಲಿಲ್ಲ. ಗುಲಾಮರು ತಪ್ಪಿಸಿಕೊಳ್ಳಲು ನೆರವಾದರೆಂಬ ಆರೋಪದ ಮೇಲೆ ೧೮೪೧ರಲ್ಲಿ ಮೂವರನ್ನು ಸೆರೆಮನೆಗೆ ಕಳುಹಿಸಿದ ಪಂಚರ ಮಂಡಲಿಯಲ್ಲಿ ಅವನ ತಂದೆಯೂ ಒಬ್ಬನಾಗಿದ್ದನು. ತಾಯಿಯೋ ಬೆಕ್ಕುನಾಯಿಗಳ ನೋವನ್ನೂ ಸಹಿಸದ ಕರುಣಾಳು. ಅವರ ಮನೆಯಲ್ಲಿ ಬಾಡಿಗೆಗೆ ಪಡೆದ ಸ್ಯಾಂಡಿ ಎಂಬ ಗುಲಾಮ ಬಾಲಕನು ದಿನವಿಡೀ ಹಾಡುತ್ತ ಗದ್ದಲವೆಬ್ಬಿಸುತ್ತಿದ್ದನಂತೆ. ಅವನ ಬಾಯಿ ಮುಚ್ಚಿಸಬೇಕೆಂದು ಟ್ವೇನ್ ದೂರು ಹೇಳಿದಾಗ ತಾಯಿಯ ಕಣ್ಣು ತುಂಬಿ ಬಂತು. ಆ ಹುಡುಗನು ತನ್ನ ತಾಯಿಯನ್ನು ಇನ್ನೆಂದೂ ಕಾಣಲಾರನು. ಹಾಡುತ್ತಿರುವಷ್ಟು ಹೊತ್ತು ಅವಳ ನೆನಪು ಅವನನ್ನು ಬಾಧಿಸುತ್ತಿಲ್ಲವೆಂದು ನನಗೆ ಸಮಾಧಾನ ಎಂಬರ್ಥದಲ್ಲಿ ಅವಳು ಹೇಳಿದಳೆಂದು ಟ್ವೇನ್ ತನ್ನ ಆತ್ಮಕಥೆಯಲ್ಲಿ ಸ್ಮರಿಸಿದ್ದಾನೆ. ಇಂತಹ ತಾಯಿಗೂ ಗುಲಾಮಗಿರಿಯು ತಪ್ಪೆಂದು ತೋರಿರಲಿಲ್ಲ. ಏಕೆಂದರೆ ಯಾವ ಧರ್ಮೋಪದೇಶಕನೂ ಅವಳೆದುರು ಅದನ್ನು ತಪ್ಪೆಂದು ಹೇಳಿರಲಿಲ್ಲ. ಬದಲಾಗಿ ಅದು ದೈವಸಮ್ಮತವೆಂದೇ ಸಾವಿರ ಸಲ ಕೇಳಿದ್ದಳು. ಕ್ರೂರಿಗಳು ಮಾಡುವ ಅನ್ಯಾಯಕ್ಕಿಂತ ಕರುಣಾಳುಗಳು ನಿಶ್ಚಿಂತೆಯಿಂದ ಒಪ್ಪಿಕೊಂಡ ಅನ್ಯಾಯವೇ ಹೆಚ್ಚು ಭಯಂಕರವೆಂಬ ಅರಿವು ಟ್ವೇನನಿಗೆ ತನ್ನ ಮನೆಯಿಂದಲೇ ಬಂದಿತೆಂದು ನಮಗೆ ತೋರುತ್ತದೆ.

ಇನ್ನು ಕಥೆ. ಹಕ್ ಎಂಬ ಹದಿಮೂರು ಹದಿನಾಲ್ಕು ವರ್ಷದ ಹುಡುಗ. ತಾಯಿಯಿಲ್ಲ, ತಂದೆ ಮಹಾ ಕುಡುಕ. ಡಗ್ಲಸ್ ಎಂಬ ವಿಧವೆಯೂ ಅವಳ ತಂಗಿ ಮಿಸ್ ವಾಟ್ಸನಳೂ ಅವನನ್ನು ಮನೆಯಲ್ಲಿಟ್ಟುಕೊಂಡು, ಒಗೆದ ಬಟ್ಟೆ ತೊಡಿಸಿ, ಅಕ್ಷರ ಕಲಿಸಿ, ಸದ್ಗತಿಯ ದಾರಿಯನ್ನು ಬೋಧಿಸುತ್ತಾರೆ. ತಂದೆ ಬಂದು ಅವನನ್ನು ಎಳೆದೊಯ್ದು ಕಾಡಿನ ಗುಡಿಸಲೊಂದರಲ್ಲಿ ಕೂಡಿಹಾಕುತ್ತಾನೆ. ತಾನು ಕೊಲೆಯಾದಂತೆ ತೋರುವ ಕುರುಹುಗಳನ್ನು ಹರಡಿ ಹುಡುಗ ತಪ್ಪಿಸಿಕೊಂಡು ನದಿಯ ನಡುವಿನ ದ್ವೀಪವನ್ನು ಸೇರುತ್ತಾನೆ. ಅಲ್ಲಿ ಅವನಿಗೆ ಮಿಸ್ ವಾಟ್ಸನಳ ಗುಲಾಮನಾದ ಜಿಮ್ ಎದುರಾಗುತ್ತಾನೆ. ತನ್ನನ್ನು ಎಂಟುನೂರು ಡಾಲರಿಗೆ ದಕ್ಷಿಣದ ನ್ಯೂ ಆರ್ಲಿಯನ್ಸಿಗೆ ಮಾರುವ ಮಾತುಕತೆಯನ್ನು ಕೇಳಿ ಅವನೂ ಓಡಿಬಂದಿದ್ದಾನೆ. ಇಬ್ಬರೂ ಒಂದು ತೆಪ್ಪವನ್ನೇರಿ, ಒಹಾಯೊ ನದಿಯು ಮಿಸಿಸಿಪಿಯನ್ನು ಕೂಡುವ ಸಂಗಮದವರೆಗೆ ಇಳಿದು, ಅಲ್ಲಿಂದ ಗುಲಾಮಗಿರಿಯಿಲ್ಲದ ಸೀಮೆಗೆ ಹೋಗಬೇಕೆಂದು ಹೊರಡುತ್ತಾರೆ. ದಟ್ಟ ಮಂಜಿನ ರಾತ್ರಿಯಲ್ಲಿ ಸಂಗಮವು ದಾಟಿಹೋಗುತ್ತದೆ. ಬಿಡುಗಡೆಗೆಂದು ಹೊರಟ ಜಿಮ್ಮನನ್ನು ಹೊತ್ತು ತೆಪ್ಪವು ಗುಲಾಮಗಿರಿಯ ಒಡಲಿನೊಳಕ್ಕೇ ತೇಲಿಹೋಗುವುದು ಈ ಕಥೆಯ ಒಳಸಂಕಟ.

ಲೇಖಕನ ಕೌಶಲದಲ್ಲಿ ಮೊತ್ತಮೊದಲು ಗಮನಿಸತಕ್ಕದ್ದು ಕಥೆ ಹೇಳುವವನ ಆಯ್ಕೆ. ಗುಲಾಮಗಿರಿಯ ಕೇಡನ್ನು ತೋರಿಸಲು ಬಯಸಿದ ಲೇಖಕನು ಒಬ್ಬ ವಿವೇಕಶಾಲಿಯಾದ ಸುಧಾರಕನನ್ನು ಮುಂದೆ ನಿಲ್ಲಿಸಿ ಭಾಷಣ ಮಾಡಿಸಬಹುದಿತ್ತು. ಟ್ವೇನ್ ಹಾಗೆ ಮಾಡಲಿಲ್ಲ. ಇಡೀ ಕಥೆಯನ್ನು ಹಕ್‌ನ ಬಾಯಿಗೇ ಒಪ್ಪಿಸಿಬಿಟ್ಟನು. ಈ ಹುಡುಗನು ಗ್ರಾಂಥಿಕ ಭಾಷೆಯನ್ನು ಅರಿಯನು. ವ್ಯಾಕರಣ ಅವನ ಹತ್ತಿರ ಸುಳಿದಿಲ್ಲ. ನದಿತೀರದ ಜನರ ಆಡುನುಡಿಯಲ್ಲಿಯೇ ಅವನು ಕಥೆ ಹೇಳುತ್ತಾನೆ. ತಾನು ಈ ಪುಸ್ತಕದಲ್ಲಿ ಹಲವು ಪ್ರಾಂತಭಾಷೆಗಳನ್ನು ಶ್ರಮವಹಿಸಿ ಬಳಸಿದ್ದೇನೆಂದು ಟ್ವೇನ್ ಆರಂಭದಲ್ಲಿಯೇ ಸೂಚಿಸಿದ್ದಾನೆ. ಶಿಷ್ಟ ಭಾಷೆಯೇ ಸಾಹಿತ್ಯದ ಭಾಷೆಯೆಂದು ತಿಳಿದಿದ್ದ ಕಾಲದಲ್ಲಿ ಇದು ದೊಡ್ಡ ಧೈರ್ಯ. ಆಧುನಿಕ ಅಮೆರಿಕನ್ ಸಾಹಿತ್ಯವೆಲ್ಲವೂ ಈ ಒಂದು ಪುಸ್ತಕದಿಂದ ಹೊರಟಿತೆಂದು ಅರ್ನೆಸ್ಟ್ ಹೆಮಿಂಗ್ವೇ ೧೯೩೫ರಲ್ಲಿ ಅಭಿಪ್ರಾಯಪಟ್ಟುದಕ್ಕೆ ಈ ಜೀವಂತ ನುಡಿಯೂ ಒಂದು ಕಾರಣವೆನ್ನಬಹುದು.

ಎರಡನೆಯ ಗುಣ ಇದಕ್ಕಿಂತ ಸೂಕ್ಷ್ಮವಾದುದು. ಹಕ್‌ಗೆ ವಿಡಂಬನೆ ಮಾಡಲು ಬರುವುದಿಲ್ಲ. ಅವನು ನಗುವುದೂ ಇಲ್ಲ, ಹಂಗಿಸುವುದೂ ಇಲ್ಲ. ಕಂಡದ್ದನ್ನು ಕಂಡಂತೆ ಗಂಭೀರವಾಗಿ ಹೇಳುತ್ತಾನೆ. ದೊಡ್ಡವರು ಮಾಡುವುದೆಲ್ಲ ಸರಿಯೆಂದೂ ತಾನೇ ಕೀಳು ಕುಲದ ಕೆಟ್ಟ ಹುಡುಗನೆಂದೂ ನಂಬಿದ್ದಾನೆ. ಹೀಗಾಗಿ ತೀರ್ಪು ಹೇಳುವ ಹೊಣೆ ಓದುಗನ ಮೇಲೆ ಬೀಳುತ್ತದೆ. ಮೊದಲ ಅಧ್ಯಾಯದಲ್ಲಿಯೇ ಒಂದು ನಿದರ್ಶನವಿದೆ. ರಾತ್ರಿ ಮಲಗುವ ಮುನ್ನ ಮನೆಯ ಗುಲಾಮರನ್ನು ಒಳಗೆ ಕರೆಸಿ ಪ್ರಾರ್ಥನೆ ಮಾಡಿ, ಆಮೇಲೆ ಎಲ್ಲರೂ ಮಲಗಲು ಹೋದರೆಂದು ಹುಡುಗ ಹೇಳುತ್ತಾನೆ. ಅದರಲ್ಲಿ ಅವನಿಗೆ ಯಾವ ವಿಶೇಷವೂ ಕಾಣುವುದಿಲ್ಲ. ದೇವರೆದುರು ಜೊತೆಯಲ್ಲಿ ಕೈಮುಗಿದವನನ್ನೇ ಮರುದಿನ ಸಂತೆಗೆ ಹಚ್ಚಬಹುದಾದ ಆ ಭಕ್ತಿಯನ್ನು ಕುರಿತು ಲೇಖಕನೂ ಒಂದು ಮಾತಾಡುವುದಿಲ್ಲ. ಆ ಮೌನದಲ್ಲಿಯೇ ಅವನ ಬಾಣವಿದೆ.

ತೆಪ್ಪವು ದಡಕ್ಕೆ ತಾಗಿದಾಗಲೆಲ್ಲ ನಮ್ಮೆದುರು ಸಮಾಜದ ಒಂದೊಂದು ಮುಖ ತೆರೆದುಕೊಳ್ಳುತ್ತದೆ. ಗ್ರ್ಯಾಂಜರ್‌ಫರ್ಡ್ ಮತ್ತು ಶೆಫರ್ಡ್‌ಸನ್ ಎಂಬ ಎರಡು ಪ್ರತಿಷ್ಠಿತ ಮನೆತನಗಳ ಪ್ರಸಂಗವನ್ನೇ ನೋಡಿ. ಸುಸಂಸ್ಕೃತರು, ಅತಿಥಿಸತ್ಕಾರದಲ್ಲಿ ಎತ್ತಿದ ಕೈ. ಆದರೆ ಸುಮಾರು ಮೂವತ್ತು ವರ್ಷಗಳಿಂದ ಒಬ್ಬರನ್ನೊಬ್ಬರು ಗುಂಡಿಟ್ಟು ಕೊಲ್ಲುತ್ತಿದ್ದಾರೆ. ವೈರವು ಏತರಿಂದ ಹುಟ್ಟಿತೆಂದು ಹಕ್ ಕೇಳಿದರೆ ಅವನ ಓರಗೆಯ ಬಕ್ ಎಂಬ ಬಾಲಕನಿಗೆ ಸರಿಯಾಗಿ ಗೊತ್ತಿಲ್ಲ. ಹಿರಿಯರಿಗೆ ಗೊತ್ತಿರಬಹುದು ಎನ್ನುತ್ತಾನೆ. ಭಾನುವಾರ ಎರಡೂ ಮನೆತನದವರು ಒಂದೇ ಚರ್ಚಿಗೆ ಹೋಗುತ್ತಾರೆ. ಬಂದೂಕುಗಳನ್ನು ಮೊಣಕಾಲುಗಳ ನಡುವೆ ಇರಿಸಿಕೊಂಡು ಭ್ರಾತೃಪ್ರೇಮದ ಮೇಲಿನ ಉಪದೇಶವನ್ನು ಆಲಿಸುತ್ತಾರೆ. ದಾರಿಯುದ್ದಕ್ಕೂ ಆ ಉಪದೇಶವನ್ನು ಕೊಂಡಾಡುತ್ತ ಮನೆಗೆ ಬರುತ್ತಾರೆ. ಮರುದಿನವೇ ಒಂದು ಮನೆಯ ಹುಡುಗಿ ಮತ್ತೊಂದು ಮನೆಯ ಹುಡುಗನೊಡನೆ ಹೊರಟುಹೋಗುತ್ತಾಳೆ. ಹಗೆಯು ಭುಗಿಲೇಳುತ್ತದೆ. ಬಾಲಕ ಬಕ್ ನದಿಯ ದಡದಲ್ಲಿ ಹೆಣವಾಗುತ್ತಾನೆ. ಇಲ್ಲಿ ಬಾಯಿಮಾತಿನ ಹಕ್ ಇದ್ದಕ್ಕಿದ್ದಂತೆ ಮೌನಿಯಾಗುತ್ತಾನೆ. ಕಂಡದ್ದೆಲ್ಲವನ್ನೂ ತಾನು ಹೇಳಲಾರೆನೆಂದು, ಅದು ಇನ್ನೂ ಕನಸಿನಲ್ಲಿ ಕಾಡುತ್ತದೆಂದು ಸೂಚಿಸಿ, ಗೆಳೆಯನ ಮುಖಕ್ಕೆ ಬಟ್ಟೆ ಮುಚ್ಚಿ ಅಳುತ್ತಾನೆ. ನಗಿಸುತ್ತ ನಗಿಸುತ್ತ ಬಂದ ಲೇಖಕನು ನಮ್ಮ ನಗೆಯನ್ನು ಹೇಗೆ ಕಿತ್ತುಕೊಂಡನೆಂಬುದನ್ನು ಈ ಪುಟಗಳಲ್ಲಿ ಅಭ್ಯಾಸ ಮಾಡಬೇಕು.

ಮುಂದೆ ರಾಜ ಮತ್ತು ಡ್ಯೂಕ್ ಎಂದು ಹೇಳಿಕೊಳ್ಳುವ ಇಬ್ಬರು ವಂಚಕರು ತೆಪ್ಪವನ್ನೇರುತ್ತಾರೆ. ಬಯಲಿನಲ್ಲಿ ನಡೆಯುತ್ತಿದ್ದ ಒಂದು ಪ್ರಾರ್ಥನಾ ಸಮಾವೇಶಕ್ಕೆ ಹೋದ ರಾಜನು, ತಾನು ಮೂವತ್ತು ವರ್ಷ ಹಿಂದೂ ಮಹಾಸಾಗರದಲ್ಲಿ ಕಡಲ್ಗಳ್ಳನಾಗಿದ್ದವನೆಂದೂ ಇಂದು ಇಲ್ಲಿ ಪರಿವರ್ತನೆ ಹೊಂದಿದೆನೆಂದೂ ಮರಳಿ ಹೋಗಿ ಉಳಿದ ಕಡಲ್ಗಳ್ಳರನ್ನು ಸನ್ಮಾರ್ಗಕ್ಕೆ ತರುವೆನೆಂದೂ ಕಣ್ಣೀರು ಸುರಿಸಿ ಹೇಳುತ್ತಾನೆ. ಭಕ್ತಜನರೂ ಅತ್ತು, ಟೋಪಿ ಹಿಡಿದು ಬಂದ ಅವನಿಗೆ ವಂತಿಗೆ ಕೊಡುತ್ತಾರೆ. ಎಣಿಸಿದಾಗ ಎಂಬತ್ತೇಳು ಡಾಲರ್ ಎಪ್ಪತ್ತೈದು ಸೆಂಟು. ಇಷ್ಟು ಕರಾರುವಾಕ್ಕಾದ ಲೆಕ್ಕವನ್ನು ಟ್ವೇನ್ ಕೊಡುವುದರಲ್ಲಿಯೂ ಒಂದು ಮರ್ಮವಿದೆ: ಕಣ್ಣೀರಿಗೂ ಬೆಲೆ ಕಟ್ಟಲಾಯಿತು. ಭಕ್ತಿಯಲ್ಲಿ ತಪ್ಪಿಲ್ಲ; ಎದುರಿಗಿರುವವನನ್ನು ವಿಚಾರಿಸದೆ ಕರಗಿಹೋಗುವ ಭಾವಾವೇಶದಲ್ಲಿ ತಪ್ಪಿದೆ. ಒಬ್ಬ ವಂಚಕನಿಗಾಗಿ ಅತ್ತ ಆ ಜನರೇ, ತಮ್ಮ ಹೊಲಗಳಲ್ಲಿ ದುಡಿಯುವ ಗುಲಾಮನಿಗಾಗಿ ಎಂದಾದರೂ ಅತ್ತಿದ್ದರೇ ಎಂಬ ಪ್ರಶ್ನೆ ಓದುಗನಲ್ಲಿ ತಾನೇ ಏಳುತ್ತದೆ.

ಕಾದಂಬರಿಯಲ್ಲಿ ನಲವತ್ತು ಎಂಬ ಸಂಖ್ಯೆ ಮತ್ತೆ ಮತ್ತೆ ಬರುವುದನ್ನೂ ಗಮನಿಸಬೇಕು. ಓಡಿಹೋದ ಗುಲಾಮರನ್ನು ಹುಡುಕುವ ಇಬ್ಬರು, ತೆಪ್ಪದಲ್ಲಿ ಸಿಡುಬಿನ ರೋಗಿಯಿದ್ದಾನೆಂದು ಹೆದರಿ, ಹತ್ತಿರ ಬರಲೊಲ್ಲದೆ, ತಮ್ಮ ಮನಸ್ಸಿನ ಸಮಾಧಾನಕ್ಕಾಗಿ ಇಪ್ಪತ್ತು ಡಾಲರಿನ ಒಂದೊಂದು ಚಿನ್ನದ ನಾಣ್ಯವನ್ನು ತೇಲಿಬಿಡುತ್ತಾರೆ. ಅದು ನಲವತ್ತು. ರಾಜನು ಕುಡಿತಕ್ಕಾಗಿ ಜಿಮ್ಮನನ್ನು ಮಾರಿಬಿಡುವುದೂ ನಲವತ್ತು ಡಾಲರಿಗೇ. ಕೊನೆಯಲ್ಲಿ ಟಾಮ್ ಸಾಯರ್ ಎಂಬ ಹುಡುಗನು ತನ್ನ ಆಟಕ್ಕೆ ಬಂದಿಯಾಗಿ ಸಹಕರಿಸಿದ್ದಕ್ಕೆಂದು ಜಿಮ್ಮನಿಗೆ ಕೊಡುವುದೂ ನಲವತ್ತು ಡಾಲರ್. ಅಂಜಿದವರ ಕರುಣೆ, ದ್ರೋಹಿಯ ವ್ಯಾಪಾರ, ಉಳ್ಳವರ ಉದಾರತೆ ಮೂರಕ್ಕೂ ಒಂದೇ ಬೆಲೆ. ಲೇಖಕನು ಇದನ್ನು ಎಲ್ಲಿಯೂ ಎತ್ತಿ ತೋರಿಸುವುದಿಲ್ಲ. ಎಣಿಸಿ ನೋಡುವವರಿಗೆ ಬಿಟ್ಟಿದ್ದಾನೆ.

ಇಷ್ಟಾದರೂ ಈ ಕೃತಿಯ ಪ್ರಾಣವಿರುವುದು ಜಿಮ್ಮನಲ್ಲಿ. ದುಡಿದು ಹಣ ಕೂಡಿಸಿ ಮೊದಲು ಹೆಂಡತಿಯನ್ನು ಬಿಡಿಸಿಕೊಳ್ಳಬೇಕು, ಬಳಿಕ ಇಬ್ಬರೂ ದುಡಿದು ಇಬ್ಬರು ಮಕ್ಕಳನ್ನು ಕೊಂಡುಕೊಳ್ಳಬೇಕು, ಒಡೆಯನು ಮಾರದಿದ್ದರೆ ಯಾರಿಂದಲಾದರೂ ಕದ್ದು ತರಿಸಬೇಕು ಎಂಬುದು ಅವನ ಆಸೆ. ಇದನ್ನು ಕೇಳಿ ಹಕ್ ಬೆಚ್ಚಿಬೀಳುತ್ತಾನೆ. ತನಗೆ ಯಾವ ಕೇಡನ್ನೂ ಮಾಡದ ಒಬ್ಬ ಅಪರಿಚಿತನ ಸೊತ್ತನ್ನು ಕದಿಯುವ ಮಾತಾಡುತ್ತಾನಲ್ಲ ಎಂದು ಅವನಿಗೆ ಗಾಬರಿ. ಆ ಸೊತ್ತು ಜಿಮ್ಮನ ಸ್ವಂತ ಮಕ್ಕಳು! ಹಡೆದ ಮಕ್ಕಳನ್ನು ತಂದೆಯು ಬಯಸುವುದನ್ನೇ ಕಳ್ಳತನವೆಂದು ಎಣಿಸುವಂತೆ ಒಂದು ಮಗುವಿನ ಅಂತಃಸಾಕ್ಷಿಯನ್ನು ತಿದ್ದಿಟ್ಟ ಸಮಾಜ ಅದು.

ಮತ್ತೊಂದು ರಾತ್ರಿ ಜಿಮ್ ತನ್ನ ಮಗಳು ಎಲಿಜಬೆತಳ ಕಥೆ ಹೇಳುತ್ತಾನೆ. ನಾಲ್ಕು ವರ್ಷದ ಕೂಸು, ಸ್ಕಾರ್ಲೆಟ್ ಜ್ವರದಿಂದ ಆಗತಾನೆ ಎದ್ದಿತ್ತು. ಬಾಗಿಲು ಹಾಕೆಂದರೆ ನಗುತ್ತ ನಿಂತಿತು. ಮಾತು ಕೇಳದೆಂದು ಸಿಟ್ಟಿಗೆದ್ದು ಹೊಡೆದನು. ಅಷ್ಟರಲ್ಲಿ ಗಾಳಿಗೆ ಬಾಗಿಲು ಅವಳ ಹಿಂದೆಯೇ ಧಡಾರನೆ ಬಡಿದುಕೊಂಡಿತು. ಕೂಸು ಬೆಚ್ಚಲೂ ಇಲ್ಲ. ಜ್ವರವು ಅವಳ ಕಿವಿಯನ್ನು ಕೊಂಡೊಯ್ದಿತ್ತು. ಆ ತಂದೆಯ ಪಶ್ಚಾತ್ತಾಪದ ವರ್ಣನೆಯನ್ನು ಕಣ್ಣು ಒದ್ದೆಯಾಗದೆ ಓದುವುದು ಕಷ್ಟ. ಮನುಷ್ಯನೆಂದು ಯಾವ ಕಾನೂನೂ ಒಪ್ಪದಿದ್ದವನೇ ಇಡೀ ಕಾದಂಬರಿಯಲ್ಲಿ ನಿಜವಾದ ತಂದೆ. ಮನುಷ್ಯನೆಂದು ಕಾನೂನು ಒಪ್ಪಿದ್ದ ಹಕ್‌ನ ತಂದೆಯೋ, ಮಗನನ್ನು ಕೂಡಿಹಾಕಿ ಬಡಿಯುತ್ತ, ವಿದ್ಯಾವಂತನಾದ ಒಬ್ಬ ಸ್ವತಂತ್ರ ಕಪ್ಪುಜನಾಂಗದವನಿಗೆ ಮತದ ಹಕ್ಕು ಇದೆಯೆಂದು ಕೇಳಿ ಸರಕಾರವನ್ನೇ ಶಪಿಸುವ ಕುಡುಕ. ಇಬ್ಬರು ತಂದೆಯರನ್ನು ಎದುರೆದುರು ಇರಿಸಿ ಲೇಖಕನು ಸುಮ್ಮನಾಗುತ್ತಾನೆ.

ಮೂವತ್ತೊಂದನೆಯ ಅಧ್ಯಾಯದಲ್ಲಿ ಕಥೆಯು ಶಿಖರವನ್ನು ಮುಟ್ಟುತ್ತದೆ. ಜಿಮ್ ಮಾರಾಟವಾಗಿ ಫೆಲ್ಪ್ಸ್ ಎಂಬವರ ಮನೆಯಲ್ಲಿ ಸೆರೆಯಾಗಿದ್ದಾನೆ. ಹಕ್‌ನ ಅಂತಃಸಾಕ್ಷಿ ಅವನನ್ನು ಚುಚ್ಚತೊಡಗುತ್ತದೆ. ಗುಲಾಮನು ಓಡಿಹೋಗಲು ನೆರವಾದುದು ಪಾಪ, ಒಡತಿಗೆ ದ್ರೋಹ, ಇದರ ಫಲ ನರಕ ಎಂದು ಕಲಿಸಿಕೊಟ್ಟದ್ದೆಲ್ಲ ನೆನಪಾಗುತ್ತದೆ. ಪ್ರಾರ್ಥಿಸಲು ಕುಳಿತರೆ ಮಾತು ಹೊರಡುವುದಿಲ್ಲ. ಕೊನೆಗೆ ಜಿಮ್ ಇರುವ ತಾಣವನ್ನು ತಿಳಿಸಿ ಮಿಸ್ ವಾಟ್ಸನಳಿಗೆ ಕಾಗದ ಬರೆಯುತ್ತಾನೆ. ಬರೆದೊಡನೆ ಪಾಪವೆಲ್ಲ ತೊಳೆದುಹೋದಂತೆ ಹಗುರವಾಗುತ್ತದೆ. ಆದರೆ ಕಾಗದವನ್ನು ಕೆಳಗಿರಿಸಿ ಕುಳಿತವನಿಗೆ ನದಿಯ ದಿನಗಳು ನೆನಪಾಗುತ್ತವೆ. ತನ್ನ ನಿದ್ದೆ ಕೆಡದಿರಲೆಂದು ತನ್ನ ಸರದಿಯ ಪಹರೆಯನ್ನೂ ತಾನೇ ಮಾಡಿದ ಜಿಮ್, ಮಂಜಿನಲ್ಲಿ ಕಳೆದುಹೋಗಿ ಮರಳಿದಾಗ ಹಿಗ್ಗಿದ ಜಿಮ್, ಈ ಲೋಕದಲ್ಲಿ ತನಗಿರುವ ಒಬ್ಬನೇ ಗೆಳೆಯ ನೀನೆಂದ ಜಿಮ್. ಹುಡುಗನ ಕೈ ನಡುಗುತ್ತದೆ. ನರಕಕ್ಕೆ ಹೋಗುವುದಾದರೆ ಹೋಗಿಯೇ ಸೈ ಎಂದು ನಿಶ್ಚಯಿಸಿ ಕಾಗದವನ್ನು ಹರಿದುಹಾಕುತ್ತಾನೆ.

ಈ ಸನ್ನಿವೇಶದ ಹೆಚ್ಚಳವಿರುವುದು ಹುಡುಗನ ಧೈರ್ಯದಲ್ಲಿ ಮಾತ್ರವಲ್ಲ. ತಾನು ಮಾಡುತ್ತಿರುವುದು ಪುಣ್ಯದ ಕೆಲಸವೆಂದು ಅವನಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ತಾನು ಪಾಪಿಯೆಂದೇ ನಂಬಿ ಆ ಪಾಪವನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಆರೋಗ್ಯವಂತ ಹೃದಯಕ್ಕೂ ವಿಕಾರಗೊಂಡ ಅಂತಃಸಾಕ್ಷಿಗೂ ಇಲ್ಲಿ ಘರ್ಷಣೆಯಾಗಿ ಅಂತಃಸಾಕ್ಷಿಯು ಸೋಲುತ್ತದೆಂಬ ಅರ್ಥದ ಟಿಪ್ಪಣಿಯನ್ನು ಟ್ವೇನನೇ ೧೮೯೫ರಲ್ಲಿ ಬರೆದಿರಿಸಿದ್ದನು. ಅಂತಃಸಾಕ್ಷಿಯು ದೇವರ ದನಿಯೆಂದು ನಾವೆಲ್ಲ ಹೇಳುತ್ತೇವೆ. ಅದು ಕೆಲವೊಮ್ಮೆ ಊರಿನ ದನಿಯೂ ಆಗಿರಬಹುದೆಂದು ಈ ಕಾದಂಬರಿ ಎಚ್ಚರಿಸುತ್ತದೆ.

ಹಾಗೆಂದು ಹಕ್ ಪೂರ್ಣ ಬದಲಾದನೆಂದು ಲೇಖಕನು ಸುಳ್ಳು ಹೇಳುವುದಿಲ್ಲ. ಇದಾದ ಮರುಗಳಿಗೆಯಲ್ಲಿಯೇ ಫೆಲ್ಪ್ಸ್ ಮನೆಯ ಗೃಹಿಣಿ ಸ್ಯಾಲಿಗೆ ಅವನು ಉಗಿಹಡಗಿನ ಅಪಘಾತದ ಒಂದು ಕಟ್ಟುಕಥೆ ಹೇಳುತ್ತಾನೆ. ಯಾರಿಗಾದರೂ ಪೆಟ್ಟಾಯಿತೇ ಎಂದು ಅವಳು ಕೇಳಿದರೆ ಯಾರಿಗೂ ಇಲ್ಲ, ಒಬ್ಬ ಕರಿಯ ಸತ್ತನಷ್ಟೆ ಎನ್ನುತ್ತಾನೆ. ಅವಳೂ ಸದ್ಯ, ಮನುಷ್ಯರಿಗೇನೂ ಆಗಲಿಲ್ಲವಲ್ಲ ಎಂಬ ಭಾವದಿಂದ ನೆಮ್ಮದಿಯ ಉಸಿರು ಬಿಡುತ್ತಾಳೆ. ಈಕೆ ದುಷ್ಟೆಯಲ್ಲ, ಮಮತಾಮಯಿಯಾದ ಗೃಹಿಣಿ. ಇವಳ ಗಂಡ ಸೈಲಸ್ ತನ್ನ ಖರ್ಚಿನಲ್ಲಿ ಚರ್ಚು ಕಟ್ಟಿಸಿ ಹಣ ಪಡೆಯದೆ ಉಪದೇಶ ಮಾಡುವ ಸಾಧು. ಸೆರೆಯಲ್ಲಿರುವ ಜಿಮ್ಮನ ಬಳಿಗೆ ಹೋಗಿ ಅವನೊಡನೆ ಪ್ರಾರ್ಥನೆಯನ್ನೂ ಮಾಡುತ್ತಾನೆ. ಸರಪಳಿಯನ್ನು ಬಿಚ್ಚಬೇಕೆಂದು ಮಾತ್ರ ಆ ಸಾಧುವಿಗೆ ತೋಚುವುದಿಲ್ಲ. ಇದಕ್ಕಿಂತ ಹರಿತವಾದ ವಿಡಂಬನೆ ಇನ್ನೇನಿದ್ದೀತು?

ಕಾದಂಬರಿಯ ಕೊನೆಯ ಭಾಗದ ಬಗ್ಗೆ ವಿಮರ್ಶಕರಲ್ಲಿ ಬಹಳ ವಾದವಿದೆ. ಟಾಮ್ ಸಾಯರ್ ಬಂದು, ಸುಲಭವಾಗಿ ಬಿಡಿಸಬಹುದಾದ ಜಿಮ್ಮನನ್ನು ಪುಸ್ತಕದ ಸಾಹಸಕಥೆಗಳಂತೆಯೇ ಬಿಡಿಸಬೇಕೆಂದು ಹಟ ಹಿಡಿದು, ಹಾವು ಇಲಿ ಜೇಡಗಳನ್ನು ಅವನ ಕೋಣೆಗೆ ತುಂಬಿ ವಾರಗಟ್ಟಲೆ ಪೀಡಿಸುತ್ತಾನೆ. ಮಿಸ್ ವಾಟ್ಸನ್ ಎರಡು ತಿಂಗಳ ಹಿಂದೆಯೇ ತೀರಿಕೊಂಡಿದ್ದಳೆಂದೂ ತನ್ನ ಉಯಿಲಿನಲ್ಲಿ ಜಿಮ್ಮನಿಗೆ ಬಿಡುಗಡೆ ಕೊಟ್ಟಿದ್ದಳೆಂದೂ, ಟಾಮನಿಗೆ ಅದು ಗೊತ್ತೇ ಇತ್ತೆಂದೂ ಬಳಿಕ ಬಯಲಾಗುತ್ತದೆ. ಜಿಮ್ ಮಾರಾಟವಾಗುವಲ್ಲಿಗೆ ಓದನ್ನು ನಿಲ್ಲಿಸಬೇಕೆಂದು ಹೆಮಿಂಗ್ವೇ ಸಲಹೆ ಮಾಡಿದ್ದುಂಟು. ಗಂಭೀರನಾದ ಜಿಮ್ ಇಲ್ಲಿ ಹಾಸ್ಯದ ಗೊಂಬೆಯಾಗುತ್ತಾನೆಂಬ ಆಕ್ಷೇಪ ನಮಗೂ ನ್ಯಾಯವಾಗಿ ಕಾಣುತ್ತದೆ.

ಆದರೆ ಕಾಲವನ್ನು ಮರೆಯಬಾರದು. ಕಥೆಯು ನಡೆಯುವುದು ಗುಲಾಮಗಿರಿಯ ದಿನಗಳಲ್ಲಿ. ಬರೆದದ್ದು ೧೮೭೬ರಿಂದ ೧೮೮೩ರವರೆಗೆ. ೧೮೬೫ರಲ್ಲಿಯೇ ಅಮೆರಿಕದ ಸಂವಿಧಾನಕ್ಕೆ ೧೩ನೆಯ ತಿದ್ದುಪಡಿಯಾಗಿ ಗುಲಾಮಗಿರಿ ರದ್ದಾಗಿತ್ತು. ಆದರೆ ೧೮೭೭ರಲ್ಲಿ ಒಕ್ಕೂಟದ ಸೈನ್ಯವು ದಕ್ಷಿಣದ ಕಾವಲಿನಿಂದ ಹಿಂದೆ ಸರಿದ ಮೇಲೆ ಕಪ್ಪುಜನರ ಹಕ್ಕುಗಳನ್ನು ಒಂದೊಂದಾಗಿ ಕಿತ್ತುಕೊಳ್ಳಲಾಯಿತು. ಸಾರ್ವಜನಿಕ ಸ್ಥಳಗಳಲ್ಲಿ ಸಮಾನತೆ ನೀಡಿದ್ದ ೧೮೭೫ರ ಕಾಯಿದೆಯನ್ನು ಸರ್ವೋಚ್ಚ ನ್ಯಾಯಾಲಯವು ೧೮೮೩ರಲ್ಲಿ ಅಸಿಂಧುವೆಂದು ಸಾರಿತು. ಕಾಗದದ ಮೇಲೆ ಸ್ವತಂತ್ರನಾದವನು ಕತ್ತಲೆಯ ಕೋಣೆಯಲ್ಲಿ ಇನ್ನೂ ಸಂಕೋಲೆಯಲ್ಲಿರುವ ಚಿತ್ರವು ಆ ದಿನಗಳ ನಿಜ ಸ್ಥಿತಿಯೇ ಆಗಿತ್ತೆಂದು ಕೆಲವು ವಿದ್ವಾಂಸರು ಅರ್ಥೈಸುತ್ತಾರೆ.

ಈ ಪುಸ್ತಕಕ್ಕೆ ವಿರೋಧವೂ ಬೆನ್ನುಬಿಡದೆ ಬಂದಿದೆ. ೧೮೮೫ರ ಮಾರ್ಚಿಯಲ್ಲಿಯೇ ಮ್ಯಾಸಚುಸೆಟ್ಸಿನ ಕಾಂಕರ್ಡ್ ಪಟ್ಟಣದ ಗ್ರಂಥಾಲಯವು ಇದು ಒರಟು, ಅಸಭ್ಯ ಎಂದು ಹೊರಗಿಟ್ಟಿತು. ನಿಷೇಧದಿಂದ ಮಾರಾಟ ಹೆಚ್ಚುವುದೆಂದು ಟ್ವೇನ್ ಹಿಗ್ಗಿದನು. ಇಪ್ಪತ್ತನೆಯ ಶತಮಾನದ ಆಕ್ಷೇಪ ಬೇರೆ ಬಗೆಯದು. ಕಪ್ಪುಜನರನ್ನು ಹೀನಾಯವಾಗಿ ಕರೆಯುವ ಒಂದು ಶಬ್ದವು ಇದರಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಬರುತ್ತದೆ. ತರಗತಿಯಲ್ಲಿ ಆ ಶಬ್ದವನ್ನು ಕೇಳಿ ಕುಳಿತಿರಬೇಕಾದ ಮಕ್ಕಳ ನೋವನ್ನು ಹಗುರವಾಗಿ ಕಾಣಲಾಗದು. ೨೦೧೧ರಲ್ಲಿ ಅಲಬಾಮಾದ ಪ್ರಕಾಶನವೊಂದು ಆ ಶಬ್ದದ ಬದಲು ‘ಗುಲಾಮ’ ಎಂದು ಹಾಕಿ ಮುದ್ರಿಸಿದಾಗ ದೊಡ್ಡ ಚರ್ಚೆಯೇ ಆಯಿತು. ಇವೆಲ್ಲಕ್ಕೂ ಮಿಗಿಲಾದ ಉತ್ತರವನ್ನು ಪರ್ಸಿವಲ್ ಎವರೆಟ್ ಎಂಬ ಕಪ್ಪುಜನಾಂಗದ ಲೇಖಕನು ೨೦೨೪ರಲ್ಲಿ ನೀಡಿದನು. ಅವನ ‘ಜೇಮ್ಸ್’ ಕಾದಂಬರಿಯಲ್ಲಿ ಇದೇ ಕಥೆಯನ್ನು ಜಿಮ್ ತನ್ನ ಬಾಯಿಂದಲೇ ಹೇಳುತ್ತಾನೆ. ೨೦೨೫ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂದಿತು. ಹಳೆಯ ಕೃತಿಯು ಬಿಟ್ಟ ಕೊರತೆಯನ್ನು ಹೊಸ ಕೃತಿಯಿಂದ ತುಂಬುವುದು ಸಾಹಿತ್ಯದ ಆರೋಗ್ಯಕರವಾದ ದಾರಿ.

ಬರೆದುದಕ್ಕೂ ಬದುಕಿದುದಕ್ಕೂ ಟ್ವೇನನಲ್ಲಿ ಹೊಂದಿಕೆಯಿತ್ತೇ ಎಂದು ಓದುಗರು ಕೇಳಬಹುದು. ಪುಸ್ತಕ ಪ್ರಕಟವಾದ ೧೮೮೫ರಲ್ಲಿಯೇ ಯೇಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದ ವಾರ್ನರ್ ಮೆಗ್ವಿನ್ ಎಂಬ ಕಪ್ಪುಜನಾಂಗದ ವಿದ್ಯಾರ್ಥಿಯ ವೆಚ್ಚವನ್ನು ಅವನು ವಹಿಸಿಕೊಂಡನು. ಅವರ ಪುರುಷತ್ವವನ್ನು ಅರೆದುಹಾಕಿದವರು ನಾವು, ಬೆಲೆ ತೆರಬೇಕಾದವರೂ ನಾವೇ ಎಂಬುದು ಆಗ ಅವನು ಬರೆದ ಪತ್ರದ ಭಾವ. ಮೆಗ್ವಿನ್ ಬಾಲ್ಟಿಮೋರಿನಲ್ಲಿ ಹೆಸರಾಂತ ವಕೀಲನಾದನು.

ನಮ್ಮ ದೇಶಕ್ಕೂ ಈ ವಿಷಯದ ಒಂದು ನಂಟಿದೆ. ವ್ಯಾಪಾರದಲ್ಲಿ ದಿವಾಳಿಯಾಗಿ, ಸಾಲವನ್ನು ತೀರಿಸಲೆಂದು ಲೋಕದ ಸುತ್ತ ಉಪನ್ಯಾಸ ಪ್ರವಾಸ ಕೈಗೊಂಡ ಟ್ವೇನ್ ೧೮೯೬ರ ಜನವರಿಯಲ್ಲಿ ಮುಂಬಯಿಗೆ ಬಂದಿಳಿದನು. ವಸತಿಗೃಹದಲ್ಲಿ ಒಬ್ಬ ಐರೋಪ್ಯನು ಸಣ್ಣ ತಪ್ಪಿಗಾಗಿ ಭಾರತೀಯ ಸೇವಕನೊಬ್ಬನ ಕೆನ್ನೆಗೆ ಹೊಡೆದನು. ಸೇವಕನು ಒಂದು ಮಾತಾಡದೆ ಅದನ್ನು ಸಹಿಸಿಕೊಂಡನು. ಆ ಕ್ಷಣದಲ್ಲಿ ಟ್ವೇನನ ಮನಸ್ಸು ಐವತ್ತು ವರ್ಷ ಹಿಂದಕ್ಕೆ ಹಾರಿ ಮಿಸೂರಿಯ ಬಾಲ್ಯಕ್ಕೆ ಹೋಯಿತಂತೆ. ತಂದೆಯು ಗುಲಾಮ ಹುಡುಗನನ್ನು ಗದರಿಸಿ ಹೊಡೆಯುತ್ತಿದ್ದುದು, ತನ್ನ ಹತ್ತನೆಯ ವಯಸ್ಸಿನಲ್ಲಿ ಒಬ್ಬ ಒಡೆಯನು ಅಲ್ಪ ಕಾರಣಕ್ಕೆ ಕಬ್ಬಿಣದ ಅದಿರಿನ ಗಟ್ಟಿಯನ್ನೆಸೆದು ಗುಲಾಮನನ್ನು ಕೊಂದದ್ದನ್ನು ಕಂಡದ್ದು ಎಲ್ಲವೂ ಮರುಕಳಿಸಿತೆಂದು ೧೮೯೭ರ ತನ್ನ ಪ್ರವಾಸಗ್ರಂಥದಲ್ಲಿ ಅವನು ಬರೆದಿದ್ದಾನೆ. ಮುಂಬಯಿಯ ಒಂದು ಕೆನ್ನೆಯೇಟು ಮಿಸಿಸಿಪಿಯ ದಡದವರೆಗೆ ಕೇಳಿಸಿತು. ಮನೆಯಲ್ಲಿ ದುಡಿಯುವವರಿಗೆ ಬೇರೆ ಲೋಟವನ್ನು ಗೂಡಿನಲ್ಲಿ ಎತ್ತಿಡುವ ಕುಟುಂಬಗಳು ನಮ್ಮ ನಡುವೆಯೂ ಉಂಟು. ಅದನ್ನು ಯಾರೂ ಕ್ರೌರ್ಯವೆಂದು ಭಾವಿಸಿ ಮಾಡುವುದಿಲ್ಲ; ಪದ್ಧತಿಯೆಂದು ಮಾಡುತ್ತಾರೆ. ಹ್ಯಾನಿಬಲ್ಲಿನ ಸಜ್ಜನರೂ ಹಾಗೆಯೇ ಮಾಡುತ್ತಿದ್ದರು.

ಈ ಕಾದಂಬರಿಯನ್ನು ಹೈಸ್ಕೂಲು ಮೆಟ್ಟಿಲೇರಿದ ಮಕ್ಕಳ ಕೈಗೆ ಧಾರಾಳವಾಗಿ ಕೊಡಬಹುದು. ಆದರೆ ಕೊಟ್ಟು ಸುಮ್ಮನಾಗಬಾರದು. ಹಿರಿಯರೂ ಜೊತೆಯಲ್ಲಿ ಓದಬೇಕು. ಹೀನಾಯದ ಆ ಶಬ್ದದ ಹಿಂದಿರುವ ಇತಿಹಾಸವನ್ನು ಮೊದಲೇ ತಿಳಿಸಿ, ಅದನ್ನು ಬಾಯಲ್ಲಿ ಆಡತಕ್ಕದ್ದಲ್ಲವೆಂದು ಹೇಳಬೇಕು. ಪ್ರತಿ ಪ್ರಸಂಗ ಮುಗಿದಾಗ ಎರಡು ಪ್ರಶ್ನೆಗಳನ್ನು ಕೇಳಿದರೆ ಸಾಕು: ಹಕ್‌ಗೆ ಇಲ್ಲಿ ಏನು ಕಂಡಿತು? ಅವನಿಗೆ ಕಾಣದ್ದು ನಿನಗೇನು ಕಂಡಿತು? ಈ ಎರಡು ಉತ್ತರಗಳ ನಡುವಿನ ಅಂತರದಲ್ಲಿಯೇ ಟ್ವೇನನ ಕಲೆಯೆಲ್ಲವೂ ಅಡಗಿದೆ. ಅದನ್ನು ಗುರುತಿಸಲು ಕಲಿತ ಮಗುವು ಮುಂದೆ ತನ್ನ ಊರನ್ನೂ ತನ್ನ ಮನೆಯನ್ನೂ ಅದೇ ಕಣ್ಣಿನಿಂದ ನೋಡತೊಡಗುತ್ತದೆ.

ಹಾಗೆ ನೋಡಿದ ಮಗು ಒಂದು ದಿನ ನಮ್ಮೆದುರೇ ನಿಂತು, ಇದು ಏಕೆ ಹೀಗೆ ಎಂದು ಕೇಳೀತು. ಆಗ ಅದನ್ನು ಉದ್ಧಟತನವೆಂದು ಗದರಿಸದೆ, ಕೂರಿಸಿಕೊಂಡು ಉತ್ತರಿಸುವ ತಾಳ್ಮೆ ಹಿರಿಯರಲ್ಲಿರಬೇಕು. ಉತ್ತರ ದೊರೆಯದಿದ್ದರೆ ಆ ಪದ್ಧತಿಯನ್ನು ಬಿಡುವ ಧೈರ್ಯವೂ ಇರಬೇಕು. ತಿಳಿಯದ ಹುಡುಗನೊಬ್ಬನು ನರಕದ ಭಯವನ್ನೂ ಲೆಕ್ಕಿಸದೆ ಕಾಗದವನ್ನು ಹರಿದುಹಾಕಿದನು. ತಿಳಿದ ನಾವು ಅಷ್ಟನ್ನಾದರೂ ಮಾಡಬೇಡವೇ?